ಸಂಬಳದ ಲಾಯರೂ ಅವ್ವನ ಕ್ಯಾಲೆಂಡರೂ

ಹಾಲ್ಕುರಿಕೆಯಲ್ಲಿ ನನ್ನನ್ನು ಲಾಯರಪ್ಪ ಅಂತಾರೆ. ಬೇಲಿ ಕೇಸು ಹಿಡಿದು ಬಂದ ಚಿಕ್ಕಪ್ಪನಿಗೆ, ನಾನು ಬೆಂಗಳೂರಿನ ಕಂಪನಿಯೊಂದರ ಸಂಬಳದ ಲಾಯರು, ಬಾರ್ ಕೌನ್ಸಿಲಿನ 49ನೇ ನಿಯಮದ ಪ್ರಕಾರ ಕೋರ್ಟಿನಲ್ಲಿ ವಾದಿಸುವ ಹಾಗಿಲ್ಲ ಎಂದೆ. "ಮತ್ಯಾಕಪ್ಪಾ ಸಂಬಳ ಕೊಡ್ತಾರೆ?" ಅಂದರು. ಸಾಲದ್ದಕ್ಕೆ, ವಕೀಲ-ಕಕ್ಷಿದಾರರ ಮಾತಿಗಿರುವ ಪೂರಾ ರಕ್ಷಣೆ ನಮ್ಮಂಥವರಿಗೆ ಇಲ್ಲ ಅಂತ ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ಹೇಳಿಬಿಟ್ಟಿತು. ಗಂಡ-ಹೆಂಡಿರ ಮಾತಿಗೆ ಕಾನೂನಿನ ರಕ್ಷಣೆ ಇದೆಯಂತೆ. ನಮ್ಮ ಮನೆಯವಳು ಅದರ ಪ್ರಯೋಜನ ಪಡೆದವಳಲ್ಲ.

ಆಫೀಸಿನಲ್ಲಿ ಮಾತ್ರ ನನ್ನದೇ ದರ್ಬಾರು. ಕರಾರುಗಳನ್ನೆಲ್ಲ ಒಂದೇ ಕಡೆ ಇಟ್ಟು, ಯಾವುದು ಎಂದು ಮುಗಿಯುತ್ತೆ ಅಂತ ಮೂರು ತಿಂಗಳು ಮುಂಚೆಯೇ ಬಡಕೊಳ್ಳುವ ಸಾಫ್ಟ್‌ವೇರು ತರಿಸಿದ್ದೇನೆ. ಅದೇ ಹುರುಪಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದು, "ಅವ್ವ, ತೋಟದ ವ್ಯವಹಾರವನ್ನೆಲ್ಲ ಇದಕ್ಕೆ ಹಾಕ್ತೀನಿ" ಅಂದೆ.

"ಹಾಕಪ್ಪ. ಕಾಯಿ ಕೆಡವೋದು ಗೌರಿ ಹಬ್ಬ ಕಳುದ್ಮೇಲೆ."

ದಿನಾಂಕದ ಚೌಕಕ್ಕೆ 'ಗೌರಿ ಹಬ್ಬ ಕಳೆದ ಮೇಲೆ' ಅಂತ ಬರೆದೆ. ಕೆಂಪಗಾಯಿತು. ದರದ ಚೌಕಕ್ಕೆ 'ಪೇಟೆ ನೋಡ್ಕೊಂಡು' ಅಂತ ಬರೆದೆ. ಇನ್ನೂ ಕೆಂಪಗಾಯಿತು.

ಅವ್ವನ ದಫ್ತರವೆಲ್ಲ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿದೆ. ಏಕಾದಶಿಯ ಪಕ್ಕ ಪೆನ್ಸಿಲಿನಲ್ಲಿ 'ಸುಲಿಯೋನು ಅಡ್ವಾನ್ಸು 5000, ಮಟ್ಟೆ ಅವುಂದೇ' ಅಂತಿತ್ತು. ಯಾರು, ಎಷ್ಟು, ಯಾವತ್ತು, ಮಟ್ಟೆ ಯಾರ ಪಾಲು, ಎಲ್ಲ ಒಂದೇ ಸಾಲಿನಲ್ಲಿ. ನಮ್ಮ ಕಂಪನಿಯಲ್ಲಿ ಇಷ್ಟು ತಿಳಿಯಬೇಕಾದರೆ ಮೂರು ಇಲಾಖೆಗೆ ಮೇಲ್ ಹಾಕಬೇಕು. ಎಂಥ ಸಾಫ್ಟ್‌ವೇರಾದರೂ ನೆನಪಿಸುವುದು ನಾವು ತುಂಬಿದ್ದನ್ನೇ ತಾನೆ? ತುಂಬುವ ಮೊದಲು ಗೊತ್ತಿರುವವರನ್ನು ಕೂರಿಸಿಕೊಂಡು ಕೇಳಬೇಕು. ಆ ಬೇಜಾರಿನ ಕೆಲಸ ಯಾವ ಡೆಮೋದಲ್ಲೂ ಇರಲ್ಲ.

ಸೋಲೊಪ್ಪದೆ ಕಾನೂನಿಗೆ ಇಳಿದೆ. ಅಟ್ಟದ ಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕಲ್ಲ, ಬೆಂಗಳೂರಿನ ಬಾಡಿಗೆ ಕರಾರಿಗೂ ಹೆಚ್ಚುಕಮ್ಮಿ ಅಷ್ಟೇ ಆಯಸ್ಸು, ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅಂದೆ. ಅವ್ವ ತಲೆಯಾಡಿಸಿದಳು. ಮೊಬೈಲಿನಲ್ಲೇ ಸಹಿ ಹಾಕಬಹುದು, 2000ದ ಐಟಿ ಕಾಯ್ದೆ ಒಪ್ಪುತ್ತೆ ಅಂದೆ. ಅದಕ್ಕೂ ತಲೆಯಾಡಿಸಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದ್ರೆ ಉಯಿಲಿಗೆ ಮಾತ್ರ ಇದು ನಡೆಯಲ್ಲವ್ವ. ಕಾಗದವೇ ಬೇಕು, ಇಬ್ಬರು ಸಾಕ್ಷಿ ಬೇಕು."

ತಲೆಯಾಡುವುದು ನಿಂತಿತು.

ಸಂಜೆ ಹಿತ್ತಲಿನಿಂದ ಫೋನಿನ ಮಾತು ಕೇಳಿಸಿತು. "ನಿನ್ ತಮ್ಮ ಲ್ಯಾಪ್‌ಟಾಪ್ ತಂದು ಉಯಿಲಿನ ಮಾತೆತ್ತವ್ನೆ ಕಣವ್ವ."

ಸಾಫ್ಟ್‌ವೇರಿನಲ್ಲಿ ಯಾವ ದಾಖಲೆ ಯಾರ್ಯಾರು ನೋಡಬಹುದು ಅಂತ ಒಂದು ಕಾಲಂ ಇದೆ. ಆಫೀಸಿನಲ್ಲಿ ಅದನ್ನು ತುಂಬುವವನು ನಾನೇ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಅಕ್ಕನಿಗೆ ವಿವರಿಸಿದ್ದವನೂ ನಾನೇ. ಬೆಳಗಿನ ಮೊದಲ ಬಸ್ಸಿಗೆ ಅಕ್ಕ, ಭಾವ ಇಬ್ಬರೂ ಇಳಿದರು. ಭಾವನ ಜೇಬಿನಲ್ಲಿ ಖಾಲಿ ಪೆನ್‌ಡ್ರೈವು.