ಮುಂದೆ ಹೊಗೆಯಿದೆ, ಲೈಕ್ ಮಾಡಿ

ಹೆದ್ದಾರಿಯಲ್ಲಿ ಓಡಾಡುವ ಕನ್ನಡಿಗನಿಗೆ ಮಾಹಿತಿಯ ಬರವಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಟೋಲ್ ಗೇಟ್ ದಾಟಿ ಗೇರ್ ಬದಲಿಸುವಷ್ಟರಲ್ಲಿ ಫಾಸ್ಟ್ಯಾಗಿನಿಂದ ಎಷ್ಟು ಹೋಯಿತು, ಇನ್ನೆಷ್ಟು ಉಳಿಯಿತು ಎಂಬ ಲೆಕ್ಕ ಮೊಬೈಲಿಗೆ ಬಂದು ಬಿದ್ದಿರುತ್ತದೆ. ಎಡಕ್ಕೆ ತಿರುಗಬೇಕೆಂದು ಮ್ಯಾಪಿನ ಹೆಂಗಸು ತಾಳ್ಮೆ ಕಳೆದುಕೊಳ್ಳದೆ ಮೂರು ಸಲ ಹೇಳುತ್ತಾಳೆ. ಪೊಲೀಸರು ಎಲ್ಲಿ ನಿಂತಿದ್ದಾರೆ ಎಂಬ ಗುಪ್ತ ಮಾಹಿತಿಯನ್ನು ಎದುರಿನ ಲಾರಿಯವನು ಲೈಟ್ ಮಿಣುಕಿಸಿ ಪುಕ್ಕಟೆ ಒದಗಿಸುತ್ತಾನೆ. 2023ರಲ್ಲಂತೂ ಸರ್ಕಾರವೇ ವಿಪತ್ತಿನ ಪರೀಕ್ಷಾ ಸಂದೇಶ ಕಳಿಸಿ ಎಲ್ಲರ ಜೇಬಿನಲ್ಲೂ ಒಟ್ಟಿಗೇ ಕಿರುಚಾಡಿತು. ಇಷ್ಟೆಲ್ಲ ಸದ್ದಿನ ನಡುವೆ ಕಿವಿಗೆ ಬೀಳದೆ ಉಳಿಯುವ ಸುದ್ದಿ ಒಂದೇ: ಆ ತಿರುವಿನಾಚೆ ಕಾಡು ಹೊತ್ತಿ ಉರಿಯುತ್ತಿದೆ.

ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. 766ನೇ ಹೆದ್ದಾರಿ ವಯನಾಡಿಗೆ, 181 ಊಟಿಗೆ. ಎರಡೂ ಬಂಡೀಪುರದ ಹುಲಿಗಳ ಮನೆಯೊಳಗಿನಿಂದಲೇ ಹಾದುಹೋಗುತ್ತವೆ. ಫೆಬ್ರವರಿ ಬಂತೆಂದರೆ ಇಲ್ಲಿ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ, ಬ್ರಿಟಿಷರು ತೋಟದ ಚೆಂದಕ್ಕೆಂದು ತಂದ ಲಂಟಾನ ಒಣಗಿ ಪುಳ್ಳೆಯಾಗುತ್ತದೆ. ಹೊತ್ತಿಕೊಳ್ಳಲು ಕಾಡು ಸಿದ್ಧ. ಆಡಳಿತವೂ ತನ್ನ ಮಟ್ಟಿಗೆ ಸಿದ್ಧವೇ. ಡಾಂಬರು ಹೆದ್ದಾರಿಯವರದು, ಅದರ ಅಂಚಿನ ಮರ ಅರಣ್ಯ ಇಲಾಖೆಯದು, ಮೇಲೆ ಓಡುವ ವಾಹನ ಪೊಲೀಸರ ಲೆಕ್ಕಕ್ಕೆ. ಹೊಗೆ ಮಾತ್ರ ಯಾರ ಇಲಾಖೆಗೂ ಸೇರದೆ, ವರ್ಗಾವಣೆ ಆದೇಶಕ್ಕೆ ಕಾಯುತ್ತ ರಸ್ತೆಯ ಮೇಲೆ ನಿಂತಿರುತ್ತದೆ.

ಎಚ್ಚರಿಕೆಯ ವ್ಯವಸ್ಥೆಯೇ ಇಲ್ಲವೆಂದರೆ ನಾಲಿಗೆ ಹುಳಬಿದ್ದೀತು. ಇದೆ, ಅದೂ ಆಕಾಶದಲ್ಲೇ ಇದೆ. ಉಪಗ್ರಹ 375 ಮೀಟರಿನ ಚೌಕದಲ್ಲಿ ಎದ್ದ ಶಾಖವನ್ನು ಗುರುತಿಸುತ್ತದೆ, ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಅದನ್ನು ಸಂದೇಶವಾಗಿಸಿ ಕಳಿಸುತ್ತದೆ. ಹೆಸರು ನೋಂದಾಯಿಸಿದರೆ ನಿಮಗೂ ಬರುತ್ತದೆ. ಆದರೆ ಆ ಉಪಗ್ರಹ ನಮ್ಮ ನೆತ್ತಿಯ ಮೇಲೆ ಬರುವುದು ಹೆಚ್ಚುಕಮ್ಮಿ ನಡುಮಧ್ಯಾಹ್ನದ ಬಳಿಕ ಒಮ್ಮೆ, ನಡುರಾತ್ರಿಯ ಬಳಿಕ ಇನ್ನೊಮ್ಮೆ. ಶಿಸ್ತಿನ ಬೆಂಕಿಯಾದರೆ ಆ ಹೊತ್ತಿಗೆ ಸರಿಯಾಗಿ ಹೊತ್ತಿಕೊಳ್ಳಬೇಕು. ಅಶಿಸ್ತಿನ ಬೆಂಕಿಗೆ ವಾಚರುಗಳಿದ್ದಾರೆ. ಅವರ ಆಯುಧ ಹಸಿ ಸೊಪ್ಪಿನ ಕೊಂಬೆ. 2017ರ ಫೆಬ್ರವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣವನ್ನೇ ತೆತ್ತರು. ಬಾಹ್ಯಾಕಾಶದ ಕಣ್ಣಿಗೂ ಸೊಪ್ಪು ಹಿಡಿದ ಕೈಗೂ ನಡುವೆ ಇರುವವನೇ ನಮ್ಮ ಚಾಲಕ ಮಹಾಶಯ. ಅವನು ಕಿಟಕಿ ಇಳಿಸಿ ಸಿಗರೇಟಿನ ಬೂದಿ ಕೊಡವುತ್ತಿದ್ದಾನೆ.

ಈ ರಸ್ತೆಯ ಮೇಲೆ ನಮಗೆ ಕಾಳಜಿ ಕಡಿಮೆಯೇ? 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಇಲ್ಲಿ ವಾಹನ ಸಂಚಾರ ನಿಷಿದ್ಧ. ಅದನ್ನು ತೆಗೆಸಲು ನಡೆದ ಹರತಾಳಗಳೆಷ್ಟು, ಉಳಿಸಲು ನಡೆದ ಜಾಥಾಗಳೆಷ್ಟು, ಕೋರ್ಟಿನ ಮೆಟ್ಟಿಲು ಸವೆದದ್ದೆಷ್ಟು! ಇಡೀ ಜಗಳ ರಾತ್ರಿಯ ಒಂಬತ್ತು ಗಂಟೆಯದು. ಉಳಿದ ಹದಿನೈದು ಗಂಟೆ ಬಿರುಬಿಸಿಲಲ್ಲಿ, ಒಣಹುಲ್ಲಿನ ನಡುವೆ, ಯಾರ ಕಿಟಕಿಯಿಂದ ಏನು ಹಾರಿತೆಂದು ಕೇಳಲು ಯಾವ ಪಕ್ಷದ ಬಾವುಟವೂ ಏಳಲಿಲ್ಲ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದಷ್ಟೇ ಅಲ್ಲ, ಕಾಡಿಗೆ ಅಪಾಯವಾಗುವಂತೆ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದೂ 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮಿನಂತೆ ಅಪರಾಧ. ಆದರೆ ಕಾರಿನಿಂದ ಬಿದ್ದದ್ದು ಬೆಂಕಿಯಲ್ಲವಲ್ಲ, ಬರೀ ತುಂಡು! ಬೆಂಕಿಯಾಗುವ ಹೊತ್ತಿಗೆ ಕಾರು ಗೂಡಲೂರು ಮುಟ್ಟಿ ಟೀ ಕುಡಿಯುತ್ತಿರುತ್ತದೆ.

2019ರ ಫೆಬ್ರವರಿಯ ಒಂದೇ ವಾರ ನಮಗೆ ಎರಡು ಪಾಠ ಒಟ್ಟಿಗೆ ಹೇಳಿತು. ಬಂಡೀಪುರ ದಿನಗಟ್ಟಲೆ ಉರಿಯಿತು. ಇದು ಕಿಡಿಗೇಡಿಗಳ ಕೆಲಸ ಎಂದಿತು ಇಲಾಖೆ. ಅತ್ತ ಯಲಹಂಕದ ವೈಮಾನಿಕ ಪ್ರದರ್ಶನದ ಪಾರ್ಕಿಂಗ್ ಬಯಲಿನಲ್ಲಿ ಒಣಹುಲ್ಲಿನ ಮೇಲೆ ಸಾಲಾಗಿ ನಿಂತಿದ್ದ ಸುಮಾರು 300 ಕಾರುಗಳು ಬೂದಿಯಾದವು. ಕಾರಣ ಸಿಗರೇಟೋ ಕಾದ ಸೈಲೆನ್ಸರೋ ಎಂಬ ಚರ್ಚೆ ಟಿವಿಯಲ್ಲಿ ಸೊಗಸಾಗಿ ನಡೆಯಿತು. ಪ್ರದರ್ಶನ ಮುಗಿದ ಮಾರನೆಯ ದಿನ ವಾಯುಪಡೆಯ ಹೆಲಿಕಾಪ್ಟರು ಬಕೆಟ್ ತೂಗಿಸಿಕೊಂಡು ಬಂಡೀಪುರಕ್ಕೆ ನೀರು ಸುರಿಯಲು ಬಂತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ಹಳೆಯ ಕಾಲದ ಮಾತಾಯಿತು, ಈಗ ಬಾವಿಯನ್ನೇ ಗಾಳಿಯಲ್ಲಿ ಹಾರಿಸುತ್ತೇವೆ. ಕಾಡು ಸುಟ್ಟಾಗ ಮರುಗಿದವರು ಕೆಲವರು. ಕಾರು ಸುಟ್ಟಾಗ ಇಡೀ ನಾಡು ವಿಮೆಯ ನಿಯಮ ಓದಿತು. ಹಾಗಂತ ಹುಲ್ಲಿನ ಮೇಲೆ ಕಾರು ನಿಲ್ಲಿಸುವುದನ್ನೇನೂ ಯಾರೂ ಬಿಡಲಿಲ್ಲ.

ಹೆದ್ದಾರಿಯಲ್ಲಿ ಹೊಗೆ ಕಂಡಾಗ ನಮ್ಮಲ್ಲಿ ಆಚರಣೆಯಲ್ಲಿರುವ ವಿಧಿಯೂ ಅದಕ್ಕೆ ತಕ್ಕಂತೆಯೇ ಇದೆ. ಮೊದಲು ಹಠಾತ್ ಬ್ರೇಕ್. ಆಮೇಲೆ ಚಕ್ರವನ್ನು ಮಣ್ಣಿಗಿಳಿಸಿ, ಕುದಿಯುವ ಸೈಲೆನ್ಸರನ್ನು ಒಣಹುಲ್ಲಿನ ಹಾಸಿಗೆಯ ಮೇಲೆ ಮಲಗಿಸುವುದು. ನಾಲ್ಕೂ ಬಾಗಿಲು ತೆರೆದು ಕುಟುಂಬಸಮೇತ ಇಳಿಯುವುದು. ಜ್ವಾಲೆ ಹಿನ್ನೆಲೆಯಲ್ಲಿ ಬರುವಂತೆ ಮಾವನವರನ್ನು ಸ್ವಲ್ಪ ಎಡಕ್ಕೆ ಸರಿಸುವುದು. ‘ಅಯ್ಯೋ ಪಾಪ ಪ್ರಾಣಿಗಳು’ ಎಂದು ಬರೆದು ಸ್ಟೇಟಸ್ ಹಾಕುವುದು. ನೆಟ್‌ವರ್ಕ್ ಸಿಗದಿದ್ದರೆ ಸರ್ಕಾರವನ್ನು ಬೈಯುವುದು.

ಇದಕ್ಕೆ ಬದಲು ಇನ್ನೊಂದು ವಿಧಿಯಿದೆ, ಆದರೆ ಅದರಲ್ಲಿ ಫೋಟೋ ಬರುವುದಿಲ್ಲ. ಗಾಜು ಏರಿಸಿ, ಹೊರಗಿನ ಗಾಳಿ ಒಳಬರದಂತೆ ಎಸಿ ಬದಲಿಸಬೇಕು. ಹೈ ಬೀಮ್ ಹಾಕಿದರೆ ಹೊಗೆ ಬೆಳಕನ್ನು ಕಣ್ಣಿಗೇ ವಾಪಸು ಎರಚುತ್ತದೆ, ಆದ್ದರಿಂದ ಲೋ ಬೀಮ್. ಬೆಂಕಿಗೆ ಬೆದರಿದ ಜಿಂಕೆ, ಆನೆ ರಸ್ತೆಗೇ ನುಗ್ಗುತ್ತವೆ, ಆದ್ದರಿಂದ ನಿಧಾನ. ದಾರಿ ಕಾಣದಿದ್ದರೆ ನುಗ್ಗದೆ ಹಿಂತಿರುಗಬೇಕು. 112ಕ್ಕೋ ಅರಣ್ಯ ಇಲಾಖೆಯ 1926ಕ್ಕೋ ಫೋನ್ ಮಾಡಬೇಕು. ಸಿಕ್ಕಿಬಿದ್ದರೆ ಹುಲ್ಲು-ಪೊದೆ ಇಲ್ಲದ ಜಾಗದಲ್ಲಿ ನಿಲ್ಲಿಸಿ, ಗಾಜು ಮುಚ್ಚಿ ಒಳಗೇ ತಗ್ಗಿ ಕೂರಬೇಕು. ಇಳಿದು ಓಡಬಾರದು, ಏಕೆಂದರೆ ಗಾಳಿ ಹತ್ತಿದ ಬೆಂಕಿ ನಮಗಿಂತ ಚೆನ್ನಾಗಿ ಓಡುತ್ತದೆ. ಇಷ್ಟನ್ನೂ ಒಂದು ಫಲಕದಲ್ಲಿ ಬರೆಯಬಹುದು. ಆದರೆ ನಮ್ಮಲ್ಲಿ ಫಲಕವೆಂದರೆ ಮಂತ್ರಿಗಳ ಭಾವಚಿತ್ರ ಬಿಟ್ಟು ಉಳಿದ ಜಾಗ.

ಅಡುಗೆ ಅನಿಲ ತುಂಬುವ ಘಟಕದ ಗೇಟಿನಲ್ಲಿ ಬೆಂಕಿಪೊಟ್ಟಣ ಕೊಟ್ಟೇ ಒಳಗೆ ಹೋಗಬೇಕು. ಅಲ್ಲಿ ಯಾರೂ ಮೂಲಭೂತ ಹಕ್ಕಿನ ಮಾತೆತ್ತುವುದಿಲ್ಲ, ಏಕೆಂದರೆ ಹೊತ್ತಿದರೆ ಸುಡುವುದು ತಾನೇ ಎಂದು ಪ್ರತಿಯೊಬ್ಬನಿಗೂ ಗೊತ್ತು. ಮದ್ದೂರು, ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟಿನಲ್ಲಿ ಬೇಸಿಗೆಯ ನಾಲ್ಕು ತಿಂಗಳು ಲೈಟರ್ ಜಮಾ ಮಾಡಿ ಚೀಟಿ ಕೊಡಿ ನೋಡೋಣ. ಸಂಜೆಯೊಳಗೆ ‘ಪ್ರವಾಸೋದ್ಯಮಕ್ಕೆ ಧಕ್ಕೆ’ ಎಂಬ ಹೇಳಿಕೆ ಬಂದಿರುತ್ತದೆ.

ಅದೂ ಆಗದಿದ್ದರೆ ಫಲಕಗಳ ಮುಖವನ್ನು ಕಾಡಿನ ಕಡೆ ತಿರುಗಿಸಿ ನೆಡುವುದೊಂದೇ ದಾರಿ: ‘ಎಚ್ಚರಿಕೆ, ಚಾಲಕರ ಓಡಾಟದ ವಲಯ. ಕಿಡಿ ಉಗುಳುತ್ತಾರೆ. ಓದು ಬಲ್ಲವರೇ, ಆದರೂ ಹತ್ತಿರ ಬರಬೇಡಿ.’