‘ಘರ್ಷಣೆಯನ್ನು ಕಡೆಗಣಿಸಿ’: ಒಂದು ಪ್ರಶ್ನೆಯ ಪಾಠವಿಮರ್ಶೆ

ಅಧ್ಯಯನಕ್ಕೆ ಎತ್ತಿಕೊಂಡ ಮೂಲಪಾಠ ಇಷ್ಟೇ: ‘ಚಲಿಸುತ್ತಿರುವ ಬಸ್ಸು ಹಠಾತ್ತನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗುತ್ತಾರೆ. ಕಾರಣ ಕೊಡಿ. (2 ಅಂಕ)’. ಕರ್ತೃ ಅಜ್ಞಾತ. ಕಾಲ ವಿವಾದಾಸ್ಪದ. ‘ವಾಲುತ್ತಾರೆ’ ಎಂಬ ಪಾಠಾಂತರವೂ ಉಂಟು. ಅರ್ಥದಲ್ಲಿ ಭೇದವಿಲ್ಲವಾದ್ದರಿಂದ ಆ ಜಗಳವನ್ನು ಗೈಡ್ ಪ್ರಕಾಶಕರಿಗೇ ಬಿಟ್ಟಿದ್ದೇನೆ.

ಕಾಲನಿರ್ಣಯಕ್ಕೆ ಅಂತರಂಗದ ಸಾಕ್ಷ್ಯವೇ ಸಾಕು. ಬಾಗಬೇಕಾದರೆ ಎದುರಿಗೆ ಜಾಗ ಬೇಕು. ಬಸ್ಸಿನಲ್ಲಿ ಜಾಗ ಇತ್ತೆಂದಮೇಲೆ ಇದು ಬೆಂಗಳೂರಿಗೆ ಐಟಿ ಬರುವುದಕ್ಕೆ ಮೊದಲಿನ ಕೃತಿ. ಬೆಳಗ್ಗೆ ಒಂಬತ್ತಕ್ಕೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆ ಹೊರಟ 500-ಡಿ ಬಸ್ಸು ಮಾರತಹಳ್ಳಿ ಮುಟ್ಟುವ ಹೊತ್ತಿಗೆ ಒಳಗಿದ್ದವರು ಯಾರೂ ಯಾವ ಕಡೆಗೂ ಬಾಗುವ ಸ್ಥಿತಿಯಲ್ಲಿರುವುದಿಲ್ಲ. ನನ್ನ ಮೊಣಕೈ ಯಾರದೋ ಲ್ಯಾಪ್‌ಟಾಪ್ ಬ್ಯಾಗಿನಡಿ ಸಿಕ್ಕಿಕೊಂಡಿರುತ್ತದೆ, ಯಾರದೋ ಟಿಫನ್ ಡಬ್ಬಿ ನನ್ನ ಪಕ್ಕೆಗೆ ಒತ್ತಿರುತ್ತದೆ. ಬ್ರೇಕ್ ಬಿದ್ದಾಗ ಡಬ್ಬಿಯೊಳಗಿನ ಹುಳಿ ಮಾತ್ರ ನ್ಯೂಟನ್ನನ ಮಾತು ಕೇಳಿ ಮುಂದಕ್ಕೆ ಹೋಗುತ್ತದೆ. ಅಲ್ಲಿಂದ ನನ್ನ ಅಂಗಿಗೆ ಬರುತ್ತದೆ.

ಹೊರಗಿನ ಬಲ ಬೀಳದೆ ಯಾವ ಕಾಯವೂ ತನ್ನ ಸ್ಥಿತಿ ಬದಲಿಸದು ಎಂದು ನ್ಯೂಟನ್ 1687ರಲ್ಲೇ ಬರೆದಿಟ್ಟ. ಆ ಬಲ ಎಲ್ಲಿಂದ ಬರುತ್ತದೆಂದು ಮಾತ್ರ ಹೇಳಲಿಲ್ಲ. ‘ಒಳಗ್ ಹೋಗ್ರೀ, ಒಳಗೆಲ್ಲ ಖಾಲಿ ಇದೆ’ ಎಂಬ ಕಂಡಕ್ಟರ್ ವಾಕ್ಯದಿಂದ ಬರುತ್ತದೆ ಎಂಬುದು ಈ ಪ್ರಬಂಧದ ಮೊದಲ ಸಿದ್ಧಾಂತ.

ಇನ್ನು ತರಂಗಾಧ್ಯಾಯ. ವಿಷಯ ದೊಡ್ಡದು, ತುಸು ನಿಧಾನವಾಗಿ ಹೋಗೋಣ. ಹೇಗೂ ಬೇರೆ ದಾರಿಯಿಲ್ಲ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜಪಾನಿನ ವಿಜ್ಞಾನಿಗಳು ಸುಮಾರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗಿ ಎಂದರು. ಸಿಗ್ನಲ್ ಇರಲಿಲ್ಲ, ಗುಂಡಿ ಇರಲಿಲ್ಲ, ಅಡ್ಡ ಬರುವ ಹಸುವೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿಗೆ ಒಬ್ಬ ಚೂರು ಬ್ರೇಕ್ ಒತ್ತಿದ, ಹಿಂದಿನವನು ಇನ್ನೂ ಚೂರು ಜಾಸ್ತಿ ಒತ್ತಿದ, ಅವನ ಹಿಂದಿನವನು ನಿಂತೇಬಿಟ್ಟ. ಆ ನಿಲುಗಡೆ ಗಂಟೆಗೆ ಸುಮಾರು 20 ಕಿ.ಮೀ. ವೇಗದ ಅಲೆಯಾಗಿ ಹಿಂದಕ್ಕೆ ಹರಿಯಿತು. ಕಾರು ಮುಂದಕ್ಕೆ, ಅಲೆ ಹಿಂದಕ್ಕೆ. ಇಷ್ಟು ತಿಳಿಯಲು ವೃತ್ತ ಕಟ್ಟಿದರು, ಪಾಪ. ನಮ್ಮ 500-ಡಿ ದಾರಿಯ ಇಬ್ಬಲೂರು ಜಂಕ್ಷನ್ನಿಗೆ ಬಂದಿದ್ದರೆ ಪುಕ್ಕಟೆ ಸಿಗುತ್ತಿತ್ತು.

ಆ ಲೆಕ್ಕದಲ್ಲಿ ಇಬ್ಬಲೂರಿನಲ್ಲಿ ಒತ್ತಿದ ಬ್ರೇಕು ಮಾರತಹಳ್ಳಿಗೆ ಬರಲು ಇಪ್ಪತ್ತು ನಿಮಿಷ ಸಾಕು. ಅದೇ ಹೊತ್ತಿನಲ್ಲಿ ಮಾರತಹಳ್ಳಿಯಿಂದ ಇಬ್ಬಲೂರಿಗೆ ಹೊರಟ ಮನುಷ್ಯ ಇನ್ನೂ ಕಾಡುಬೀಸನಹಳ್ಳಿಯಲ್ಲಿರುತ್ತಾನೆ. ಈ ರಸ್ತೆಯಲ್ಲಿ ತಡೆಯಿಲ್ಲದೆ ಓಡುವ ವಾಹನ ಅಲೆಯೊಂದೇ. ಮತ್ತೂ ಒಂದು ಪುರಾವೆ: ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ಒಳಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಚಿಲ್ಲರೆ ಬೇಕು. ಅಂದರೆ ವೇಗ ಗಂಟೆಗೆ ಹೆಚ್ಚುಕಡಿಮೆ 20 ಕಿ.ಮೀ. ನಾವು ಮುಂದಕ್ಕೆ ಇಪ್ಪತ್ತು, ಅಲೆ ಹಿಂದಕ್ಕೆ ಇಪ್ಪತ್ತು. ಕ್ರಿಯೆ, ಪ್ರತಿಕ್ರಿಯೆ, ಸಮ ಮತ್ತು ವಿರುದ್ಧ. ಮೂರನೇ ನಿಯಮಕ್ಕೆ ಇದಕ್ಕಿಂತ ಚೊಕ್ಕ ಸಾಧನೆ ನನಗೆ ತಿಳಿದಿಲ್ಲ. (ಇದು ಮೂರನೇ ನಿಯಮವೇ ಅಲ್ಲ ಎಂದು ನನ್ನ ಮೇಷ್ಟ್ರು ಹೇಳುತ್ತಾರೆ. ಅವರು ಮನೆಯಿಂದ ಶಾಲೆಗೆ ನಡೆದು ಹೋಗುವವರು.)

ಡಾಪ್ಲರ್ ಪರಿಣಾಮ ಈ ಭಾಗದಲ್ಲಿ ಅಪರೂಪ. ಆಂಬುಲೆನ್ಸ್ ಹತ್ತಿರ ಬಂದರೆ ತಾನೇ ಸೈರನ್ ಸ್ವರ ಏರುವುದು?

ಪೀಣ್ಯದಲ್ಲಿ ಬಲದ ಪಾಠವನ್ನು ಮೇಲ್ಸೇತುವೆಯೇ ಹೇಳಿಕೊಟ್ಟಿತು. 2021ರ ಡಿಸೆಂಬರಿನಲ್ಲಿ 102 ಮತ್ತು 103ನೇ ಕಂಬಗಳ ನಡುವೆ ಕಾಂಕ್ರೀಟನ್ನು ಬಿಗಿಹಿಡಿದಿದ್ದ ಉಕ್ಕಿನ ಕೇಬಲ್ಲುಗಳಲ್ಲಿ ದೋಷ ಕಂಡಿತು. ಸೇತುವೆ ಮುಚ್ಚಿದರು, ಮುಂದಿನ ಫೆಬ್ರುವರಿಯಲ್ಲಿ ತೆರೆದದ್ದು ಲಘು ವಾಹನಗಳಿಗೆ ಮಾತ್ರ. ದ್ರವ್ಯರಾಶಿಯ ಮಹತ್ವ ಕೆಳಗಿನ ರಸ್ತೆಯಲ್ಲಿ ಲಾರಿಗಳ ಹಿಂದೆ ನಿಂತವರಿಗೆಲ್ಲ ಅರ್ಥವಾಯಿತು.

ಅಲ್ಲೇ ಪಕ್ಕದ ಲಗ್ಗೆರೆಯಲ್ಲಿ ಒಬ್ಬ ಲೇತ್ ಆಪರೇಟರ್ ಮಗ ಹೋಂವರ್ಕ್ ಮಾಡುತ್ತಿದ್ದ. ಕೆಲಸವೆಂದರೆ ಬಲ ಗುಣಿಸು ಸ್ಥಾನಪಲ್ಲಟ. ‘ಅಪ್ಪಾ, ಬೆಳಗ್ಗೆ ಇಲ್ಲಿಂದ ಹೋದೆ, ಈಗ ಇಲ್ಲಿಗೇ ಬಂದೆ. ಸ್ಥಾನಪಲ್ಲಟ ಸೊನ್ನೆ. ಪುಸ್ತಕದ ಪ್ರಕಾರ ನೀನು ಇವತ್ತು ಕೆಲ್ಸಾನೇ ಮಾಡಿಲ್ಲ.’ ಉಗುರಿನ ಸಂದಿಯ ಗ್ರೀಸ್ ಒರೆಸಿಕೊಳ್ಳುತ್ತಾ ಅಪ್ಪ ಅಂದ: ‘ಮೆಲ್ಲಗೆ ಹೇಳೋ. ನಮ್ಮ ಸೂಪರ್‌ವೈಸರ್‌ಗೆ ಮೊದ್ಲೇ ಆ ಅನುಮಾನ ಇದೆ.’

ಮೆಟ್ರೊ ಬಂತಲ್ಲ, ಇನ್ನಾದರೂ ಪಠ್ಯ ನಿಜವಾಗಲಿಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ಒಪ್ಪಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗದ ರೈಲು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ. ಓಡುತ್ತದೆ, ಸಿಲ್ಕ್ ಬೋರ್ಡನ್ನು ಮೇಲಿಂದಲೇ ದಾಟುತ್ತದೆ. ಆದರೆ ಅದು ಚಾಲಕನಿಲ್ಲದೆ ಓಡುವಂತೆ ಮಾಡಿದ ರೈಲು. ಜಡತ್ವದಿಂದ ಮುಗ್ಗರಿಸಿದವನು ಯಾರನ್ನು ಬೈಯಬೇಕು? ಬೈಗುಳವಿಲ್ಲದ ಬ್ರೇಕನ್ನು ಈ ಪ್ರಬಂಧ ಪ್ರಯೋಗವೆಂದು ಪರಿಗಣಿಸುವುದಿಲ್ಲ.

ಕೊನೆಗೆ, ಲೆಕ್ಕಗಳ ಕಂಸದಲ್ಲಿ ಬರುವ ‘ಘರ್ಷಣೆಯನ್ನು ಕಡೆಗಣಿಸಿ’ ಎಂಬ ಸೂತ್ರ. ಇದನ್ನು ಬರೆದವರು ಹೋಪ್ ಫಾರಂ ಸಿಗ್ನಲ್ಲಿನಲ್ಲಿ ಕಾರಿನ ಕನ್ನಡಿಗೆ ಸ್ಕೂಟರಿನ ಹ್ಯಾಂಡಲ್ ತಾಗಿದ್ದನ್ನು ನೋಡಿಲ್ಲ. ಅಲ್ಲಿ ಘರ್ಷಣೆಯನ್ನು ಯಾರೂ ಕಡೆಗಣಿಸುವುದಿಲ್ಲ. ಇಳಿದು ಬಂದು ಸುತ್ತ ನಿಂತು ನೋಡುತ್ತಾರೆ, ಹಿಂದೆ ಮತ್ತೊಂದು ಅಲೆ ಹೊರಡುತ್ತದೆ.

ಮೌಲ್ಯಮಾಪಕರಲ್ಲಿ ಒಂದು ಅರಿಕೆ. ವೈಟ್‌ಫೀಲ್ಡ್ ಕಡೆಯ ಮಗುವೊಂದು ‘ಬಸ್ಸು ಹಠಾತ್ತನೆ ನಿಲ್ಲಲಿಲ್ಲ, ಅದು ಮೊದಲೇ ನಿಂತಿತ್ತು’ ಎಂದು ಉತ್ತರ ಬರೆದಿದ್ದರೆ ಕೆಂಪು ಗೀಟು ಎಳೆಯಬೇಡಿ. ಎರಡರಲ್ಲಿ ಒಂದು ಅಂಕವಾದರೂ ಕೊಡಿ.