ಕಿವಿಯಣ್ಣ

ಕಿವಿಯಣ್ಣನಿಗೆ ಗ್ಯಾರೇಜಿಲ್ಲ, ಸ್ಪ್ಯಾನರ್ ಸೆಟ್ಟಿಲ್ಲ, ಸ್ವಂತ ಕಾರಂತೂ ಇಲ್ಲವೇ ಇಲ್ಲ. ಇರುವುದು ಒಂದು ಟಿವಿಎಸ್ ಎಕ್ಸ್‌ಎಲ್, ಹೆಗಲ ಮೇಲೊಂದು ಟವೆಲು, ಮತ್ತೆ ಆ ಎರಡು ಕಿವಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಅವನಿಲ್ಲದ ಊರನ್ನು ನಾನು ಕಂಡಿಲ್ಲ. ನೊಣವಿನಕೆರೆಯಲ್ಲಿ ಅವನು ನಿವೃತ್ತ ಲಾರಿ ಡ್ರೈವರ್. ಹುಳಿಯಾರಿನಲ್ಲಿ ಬೋರ್‌ವೆಲ್ ಮೋಟರ್ ರಿಪೇರಿಯವನು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಯಾವ ಕೆಲಸವೂ ಇಲ್ಲದೆ ಟೀ ಅಂಗಡಿಯ ಬೆಂಚನ್ನು ಕಾಯುವವನು. ಹೋಗುವ ಬರುವ ಗಾಡಿಯ ಸದ್ದು ಕೇಳಿ ಅದಕ್ಕೆ ಉಳಿದಿರುವ ಆಯುಸ್ಸು ಹೇಳುವುದು ಮಾತ್ರ ಎಲ್ಲ ಕಡೆಯೂ ಅವನದೇ.

"ಆ ಬಸ್ಸು ಅರಸೀಕೆರೆ ಮುಟ್ಟಲ್ಲ. ಹಿಂದ್ಲ ಆಕ್ಸಲ್ ಹೋಗೈತೆ" ಎಂದು ಟೀ ಊದುತ್ತಲೇ ತೀರ್ಪು ಕೊಡುತ್ತಾನೆ. ಬಸ್ಸು ಅರಸೀಕೆರೆ ಮುಟ್ಟಿತೋ ಇಲ್ಲವೋ ಎಂದು ಇಲ್ಲಿಯವರೆಗೆ ಯಾರೂ ಫೋನು ಮಾಡಿ ಕೇಳಿಲ್ಲ. ಅವನ ಕೀರ್ತಿ ನಿಂತಿರುವುದೇ ಅದರ ಮೇಲೆ.

ಇವನೊಬ್ಬನನ್ನೇ ಆಡಿಕೊಂಡು ನಕ್ಕರೆ ತಪ್ಪಾಗುತ್ತದೆ. ಈ ಸೀಮೆಯ ಕಿವಿಯೇ ಹಾಗೆ ಪಳಗಿದೆ. ಇಲ್ಲಿ ಕೊಬ್ಬರಿ ಮಾಡಲು ಬಲಿತ ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರು ಇಂಗುತ್ತದೆ, ತಿರುಳು ಒಣಗಿ ಕುಗ್ಗುತ್ತದೆ, ಚಿಪ್ಪಿನಿಂದ ತಾನೇ ಬಿಟ್ಟುಕೊಂಡು ಉಂಡೆಯಾಗಿ ನಿಲ್ಲುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಣ್ಣು ಪ್ರಯೋಜನಕ್ಕೆ ಬಾರದು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ. ಲೊಟಲೊಟ ಎಂದರೆ ಕೊಬ್ಬರಿ. ಅವಸರಪಟ್ಟು ಒಡೆದರೆ ಉಂಡೆ ಹೋಗಿ ಹೋಳಾಗುತ್ತದೆ, ಧಾರಣೆಯೂ ಹೋಳಾಗುತ್ತದೆ. ತಲೆಮಾರುಗಳಿಂದ ಹೀಗೆ ಅಲ್ಲಾಡಿಸಿ ಕೇಳಿ ಬದುಕಿದವರ ಮುಂದೆ ಇಂಜಿನ್ ಯಾವ ಲೆಕ್ಕ?

ಕಿವಿಯಣ್ಣ ವಿದ್ಯೆ ಕಲಿತದ್ದು ತಿಪಟೂರು ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಅಂಬಾಸಡರ್ ಟ್ಯಾಕ್ಸಿಗಳ ಬಳಿ. ಪದ್ಮಿನಿ ಕಾರಿನ ತಯಾರಿಕೆ ನಿಂತಾಗ ಸಹಿಸಿಕೊಂಡ. 2014ರಲ್ಲಿ ಅಂಬಾಸಡರೂ ನಿಂತಾಗ ಆ ದಿನ ಟೀ ಕುಡಿಯಲಿಲ್ಲವಂತೆ. ಹೊಸ ಕಾರುಗಳ ಮೇಲೆ ಅವನಿಗಿರುವ ದೂರು ಒಂದೇ: "ಬಾಯೇ ಬಿಡಲ್ಲ ಸ್ವಾಮಿ. ಕಂಪ್ಯೂಟರ್ ಸಿಗಸಿ ಕೇಳಬೇಕು. ಇಂಜಿನ್ ಅಂದ್ಮೇಲೆ ಒಸಿ ನರಳಬೇಕು." ಕರೆಂಟಿನ ಕಾರು ಹಾದುಹೋದರೆ ಮುಖ ತಿರುಗಿಸಿ ಕೂರುತ್ತಾನೆ. ಕಾರ್ಬ್ಯುರೇಟರ್ ಕಾಲದ ಕಾರಿಗಾದರೋ ಕಂಪ್ಯೂಟರ್ ಸಿಕ್ಕಿಸಲು ತೂತೇ ಇಲ್ಲ. ಹಾಗಾಗಿ ಹಳೆಯ ಕಾರಿಟ್ಟುಕೊಂಡವರೆಲ್ಲ ಕೊನೆಗೆ ಇವನ ಬೆಂಚಿಗೇ ಬರಬೇಕು.

ಹಾಗೆ ಬಂದವರು ನಿವೃತ್ತ ಕನ್ನಡ ಮೇಷ್ಟ್ರು. ಅವರದು ಕೆಎ 44 ನಂಬರಿನ, ಮೂರು ಸಿಲಿಂಡರಿನ ಪುಟ್ಟ ಕಾರು. ಹದಿನೈದು ವರ್ಷ ತುಂಬಿ, ಆರ್‌ಟಿಓ ಆಫೀಸಿನಲ್ಲಿ ಮತ್ತೆ ಐದು ವರ್ಷಕ್ಕೆ ಜೀವದಾನ ಪಡೆದ ಗಾಡಿ. ತೋಟದ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗಿನ ಅಂಕಣದಲ್ಲಿ ಅದರ ವಾಸ. ಮುಂದಿನ ಬಂಪರ್ ಅಟ್ಟದ ಕಂಬಕ್ಕೆ ತಾಕಿದಾಗ ಬ್ರೇಕ್ ಒತ್ತುವುದು ಮೇಷ್ಟ್ರ ಪಾರ್ಕಿಂಗ್ ಶಾಸ್ತ್ರ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಎದೆ ಒಡೆಯುವಂಥ ಸದ್ದು. ಹಿಂದಕ್ಕೆ ತೆಗೆದು ಗೇಟು ದಾಟುವಷ್ಟರಲ್ಲಿ ಮಾಯ.

"ಎಂಥಾ ಸದ್ದು ಮೇಷ್ಟ್ರೇ? ಒಸಿ ಬಾಯಲ್ಲಿ ಮಾಡಿ ತೋರ್ಸಿ."

ಮೇಷ್ಟ್ರು ಗಂಟಲು ಸರಿಮಾಡಿಕೊಂಡು "ಟಕಟಕ ಟಕಟಕ" ಎಂದರು. ಬೆಂಚಿನವರೆಲ್ಲ ಕತ್ತು ಓರೆ ಮಾಡಿ ಕೇಳಿದರು.

"ಟಕಟಕವೋ, ಟಕ್ ಟಕ್ಕೋ?"

"ಎಲ್ಲ ಲಘು ಕಣಪ್ಪ. ಮಧ್ಯೆ ಮಧ್ಯೆ ಒಂದೊಂದು ಗುರು ಬಂದ ಹಾಗಿದೆ."

"ಲಘು ಆದ್ರೆ ಟ್ಯಾಪೆಟ್ಟು. ಫೀಲರ್ ಗೇಜ್ ಹಾಕಿ ಸಂದು ಸರಿ ಮಾಡಿದ್ರೆ ಮುಗೀತು. ಗುರು ಬಂದ್ರೆ ಕಷ್ಟ. ಗುರು ಬೇರಿಂಗಿನ ಜಾತಿ."

ಅಲ್ಲಿಂದ ಅವನ ಪಾಠ ಶುರುವಾಯಿತು. ಪಾಠ ಸುಳ್ಳಲ್ಲ, ಅದೇ ಸೋಜಿಗ. ಇಂಜಿನ್ ಎರಡು ಸುತ್ತು ತಿರುಗಿದರೆ ಒಂದು ವಾಲ್ವು ಒಂದೇ ಸಲ ಏಳುತ್ತದೆ, ಆದ್ದರಿಂದ ಟ್ಯಾಪೆಟ್ಟಿನದು ಮೇಲುಗಡೆಯ ಹಗುರ ಸದ್ದು, ಅರ್ಧ ವೇಗದ ತಾಳ. ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿದ್ದರೆ ಕೆಳಗಿನಿಂದ ದಪ್ಪ ಪೆಟ್ಟು. ಅದು ಬಿಸಿಯಾದ ಮೇಲೆ ಆಯಿಲ್ ತೆಳ್ಳಗಾಗಿ ಇನ್ನೂ ಹೆಚ್ಚುತ್ತದೆ, ಏರಿನಲ್ಲಂತೂ ಕೂಗುತ್ತದೆ. ಸ್ಟಾರ್ಟ್ ಆದ ನಾಲ್ಕೈದು ಸೆಕೆಂಡು ಮಾತ್ರ ಗಲಾಟೆಯಾದರೆ, ರಾತ್ರಿಯೆಲ್ಲ ಆಯಿಲ್ ಸಂಪಿಗೆ ಇಳಿದುಹೋಗಿ ಮೇಲಕ್ಕೆ ಏರಲು ತಡವಾಗಿದೆ ಎಂದರ್ಥ. ಫಿಲ್ಟರಿನೊಳಗೆ ಆಯಿಲ್ ತಡೆಯುವ ರಬ್ಬರ್ ಸತ್ತಿದ್ದರೂ ಹಾಗೆಯೇ. ಸೈಲೆನ್ಸರ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬಾಯಿಬಿಟ್ಟಿದ್ದರೆ ಹೊಗೆ ಸಂದಿನಲ್ಲಿ ನುಗ್ಗಿ ಚಟಚಟ ಎನ್ನುತ್ತದೆ, ಕಬ್ಬಿಣ ಬಿಸಿಯಾಗಿ ಹಿಗ್ಗಿದರೆ ಸಂದು ಮುಚ್ಚಿ ಬಾಯಿ ಕಟ್ಟುತ್ತದೆ. "ಇದನ್ನ ಟ್ಯಾಪೆಟ್ಟು ಅಂದ್ಕೊಂಡು ಅರ್ಧ ತಾಲ್ಲೂಕು ಹೆಡ್ ಬಿಚ್ಚಿಸೈತೆ" ಎಂದು ಅವನು ಹೇಳುವಾಗ ದನಿಯಲ್ಲಿ ಕನಿಕರ.

"ನಿಮ್ದು ಅದ್ಯಾವ್ದೂ ಅಲ್ಲ" ಎಂದು ಕೊನೆಗೆ ಟವೆಲು ಕೊಡವಿದ. "ಪಿಸ್ಟನ್ನು. ಸವೆದು ಬೋರಿನಲ್ಲಿ ಸಡಿಲ ಆಗೈತೆ. ಕಾಯಿ ಒಳಗೆ ಕೊಬ್ಬರಿ ಆಡಲ್ವಾ, ಹಂಗೆ. ವ್ಯತ್ಯಾಸ ಏನು ಅಂದ್ರೆ, ಕೊಬ್ಬರಿ ಒಂದು ಸಲ ಕುಗ್ಗಿದ್ರೆ ಮುಗೀತು. ಪಿಸ್ಟನ್ನು ಅಲ್ಯೂಮಿನಿಯಂ, ಬಿಸಿ ಆದಂಗೆ ಉಬ್ಬಿ ತುಂಬ್ಕೊಂತದೆ. ಸದ್ದು ನಿಲ್ತದೆ."

ಕಾರನ್ನು ನೋಡದೆ, ಮೇಷ್ಟ್ರ ಬಾಯಿ ಸದ್ದನ್ನಷ್ಟೇ ಕೇಳಿ ಕೊಟ್ಟ ತೀರ್ಪು. ಬೆಂಚು ಒಪ್ಪಲಿಲ್ಲ. ಕೊಬ್ಬರಿ ಮಂಡಿಯವರು ಆಯಿಲ್ ಬದಲಾಯಿಸಿ ಎಂದರು. ಅವರು ಏನಕ್ಕಾದರೂ ಆಯಿಲ್ಲೇ ಹೇಳುವುದು, ಮಂಡಿನೋವಿಗೂ. ಬಸ್ ಡ್ರೈವರೊಬ್ಬರು ಇಂಜಿನ್ ಅಂದರೆ ಸದ್ದು ಇರಬೇಕು ಎಂದರು. ಡೀಸೆಲ್ ಬಸ್ಸಿನಲ್ಲಿ ಬದುಕು ಸವೆಸಿದವರು, ಅವರಿಗೆ ಹಾಗನ್ನಿಸುವುದು ಸಹಜ. ಇಂಜಿನ್ ಬೋರ್ ಮಾಡಿಸಿಬಿಡಿ ಎಂದವರೂ ಇದ್ದರು. "ಎಷ್ಟಾದೀತು?" ಎಂದರು ಮೇಷ್ಟ್ರು. "ಮೂರು ಕ್ವಿಂಟಾಲು." ಇಲ್ಲಿ ಖರ್ಚು ಕೇಳುವುದೂ ಹೇಳುವುದೂ ಕೊಬ್ಬರಿಯಲ್ಲೇ. 2024ರ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ ಇದ್ದಾಗ ಇದು ಸುಲಭದ ಲೆಕ್ಕ. ಧಾರಣೆ ಏರಿದ ವರ್ಷ ಬೋರೂ ಅಗ್ಗ, ಮದುವೆಯೂ ಅಗ್ಗ.

ತಣ್ಣಗಿನ ಇಂಜಿನ್ನಿನ ಕಾಯಿಲೆಗೆ ಒಂದು ಕೆಟ್ಟ ಗುಣವಿದೆ. ವೈದ್ಯರ ಹತ್ತಿರ ಬರುವಷ್ಟರಲ್ಲಿ ವಾಸಿಯಾಗಿರುತ್ತದೆ. ಮೇಷ್ಟ್ರು ಕಾರನ್ನು ಬೆಂಚಿನ ಮುಂದೆ ತಂದು ನಿಲ್ಲಿಸಿದಾಗ ಅದು ಪರೀಕ್ಷಾಧಿಕಾರಿಯ ಎದುರು ಕೂತ ವಿದ್ಯಾರ್ಥಿಯಷ್ಟು ಮೆತ್ತಗಿತ್ತು. ಕಿವಿಯಣ್ಣ ಉದ್ದನೆಯ ಸ್ಕ್ರೂಡ್ರೈವರ್ ತರಿಸಿ, ತುದಿಯನ್ನು ಹೆಡ್ಡಿನ ಮೇಲೂರಿ, ಹಿಡಿಯನ್ನು ಕಿವಿಯ ಮೂಳೆಗೊತ್ತಿ ಕಣ್ಣು ಮುಚ್ಚಿದ. ಟವೆಲಿನ ತುದಿ ಫ್ಯಾನ್ ಬೆಲ್ಟಿನ ಬಾಯಿಗೆ ಹೋಯಿತು. ಮುಂದಿನ ಎರಡು ನಿಮಿಷ ನಡೆದದ್ದು ರೋಗಪತ್ತೆಗೆ ಸಂಬಂಧಿಸಿದ್ದಲ್ಲ.

ಬೆಂಗಳೂರಿನಲ್ಲಿರುವ ಮಗನ ಸಲಹೆಯಂತೆ ಮೇಷ್ಟ್ರು ಬೆಳಗಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರು. ಕಿವಿಯಣ್ಣ ಮೂರು ಸಲ ಹಾಕಿಸಿ ಕೇಳಿ, "ಸ್ಪೀಕರ್ ಹೋಗೈತೆ" ಎಂದ.

"ಕಾರಿನಲ್ಲಿ ಸ್ಪೀಕರ್ ಇಲ್ಲವಲ್ಲಪ್ಪ?"

"ಫೋನಿಂದು."

ಸೋತು ಮೇಷ್ಟ್ರು ಕಾರನ್ನು ಪಟ್ಟಣದ ಗ್ಯಾರೇಜಿಗೆ ಒಯ್ದರು. ಅಲ್ಲಿಯ ಹುಡುಗ ಬುದ್ಧಿವಂತ. "ರಾತ್ರಿ ಇಲ್ಲೇ ಬಿಡಿ ಸಾರ್, ಯಾರೂ ಕೀ ಮುಟ್ಟಬಾರದು" ಎಂದ. ಹಳೆಯ ಕಾರಿನ ಬೆಳಗಿನ ಸದ್ದಿಗೆ ಇದಕ್ಕಿಂತ ಒಳ್ಳೆಯ ತಪಾಸಣೆ ಇಲ್ಲ, ಖರ್ಚೂ ಇಲ್ಲ. ಆದರೂ ಜನ ಇದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಮಾಡಿಸುತ್ತಾರೆ. ಮುಂಜಾನೆ ಅವನು ಸ್ಟಾರ್ಟ್ ಮಾಡಿ, ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಸಿಕ್ಕಿಸಿ ನೋಡಿದ. ಎರಡನೆಯದನ್ನು ಕಿತ್ತಾಗ ಸದ್ದು ಇಳಿಯಿತು. ಕಿಡಿ ಇಲ್ಲದಿದ್ದರೆ ಆ ಸಿಲಿಂಡರಿನಲ್ಲಿ ಸ್ಫೋಟವಿಲ್ಲ, ಪಿಸ್ಟನ್ನನ್ನು ಗೋಡೆಗೆ ಬಡಿಯುವ ಒತ್ತಡವೂ ಇಲ್ಲ. ಬಿಸಿಯಾದ ಮೇಲೆ ವೈರು ಸಿಕ್ಕಿಸಿಯೇ ಕೇಳಿದರೂ ಸದ್ದಿಲ್ಲ, ಆದ್ದರಿಂದ ಬೇರಿಂಗ್ ಅಲ್ಲ. "ಪಿಸ್ಟನ್ ಒಸಿ ಆಡ್ತದೆ ಸಾರ್. ಸಣ್ಣದು. ಬೆಳಿಗ್ಗೆ ಒಂದು ನಿಮಿಷ ರೇಸ್ ಮಾಡದೆ ನಿಧಾನವಾಗಿ ಓಡಿಸಿ."

"ಸಣ್ಣದೇ?" ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಮರುದಿನ ತೋಟದ ಮನೆಯಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಎದೆ ಒಡೆಯುವ ಸದ್ದು.

ತನ್ನ ತೀರ್ಪನ್ನೇ ಹುಡುಗನೂ ಕೊಟ್ಟ ಸುದ್ದಿ ಕೇಳಿ ಕಿವಿಯಣ್ಣ ಅರ್ಧ ಸಂತೋಷಪಟ್ಟ. ಉಳಿದರ್ಧ ಆ ದೊಡ್ಡ ಸದ್ದಿಗೆ ಬಾಕಿಯಿತ್ತು. ನಸುಕಿಗೇ ಎಕ್ಸ್‌ಎಲ್ ಏರಿ ಬಂದ. ಈ ಸಲ ಟವೆಲನ್ನು ಸೊಂಟಕ್ಕೆ ಬಿಗಿದಿದ್ದ. ಮೇಷ್ಟ್ರು ಕೀ ತಿರುಗಿಸಿದರು. ಕಾರು ನಡುಗಿತು, ಬಂಪರ್ ಕಂಬಕ್ಕೆ ಬಡಿಯಿತು, ಸದ್ದು ಎದ್ದಿತು. ಕಿವಿಯಣ್ಣ ಬಾನೆಟ್ಟಿನ ಕಡೆ ಬಗ್ಗಿದವನು ಹಾಗೇ ನಿಂತ. ನಿಧಾನವಾಗಿ ಕತ್ತೆತ್ತಿ ಮೇಲೆ ನೋಡಿದ.

"ಆಫ್ ಮಾಡಿ ಮೇಷ್ಟ್ರೇ."

ಏಣಿ ಹತ್ತಿ ಅಟ್ಟದಿಂದ ಒಂದು ಕಾಯಿ ತೆಗೆದ. ಕಿವಿಗೆ ಹಿಡಿದು ಅಲ್ಲಾಡಿಸಿದ. ಇನ್ನೊಂದು. ಮತ್ತೊಂದು.

"ಯಾವಾಗ ಹಾಕಿದ್ದು ಕಾಯಿ?"

"ಹೋದ ವರ್ಷ ಯುಗಾದಿ ಹಿಂದುಮುಂದು."

"ಹಿಂಗೆ ಮರೀತಾರಾ? ಕೊಬ್ಬರಿ ಆಗಿ ಎಷ್ಟು ದಿನ ಆಯ್ತೋ. ಕಾರು ಕಂಬ ಅಲ್ಲಾಡಿಸ್ತದೆ, ಅಟ್ಟದ ತುಂಬ ಕಾಯಿ ಲೊಟಲೊಟ ಅಂತಾವೆ. ಬೋರು ಮಾಡಿಸಿದ್ರೆ ಇದು ನಿಲ್ತಿತ್ತಾ?"

ಕಾಯಿ ಇಳಿಸಿ, ಸುಲಿಸಿ, ಒಡೆಸಿದರು. ಅಟ್ಟ ಖಾಲಿಯಾದ ಮೇಲೆ ಸ್ಟಾರ್ಟ್ ಮಾಡಿದರೆ ಉಳಿದದ್ದು ಗ್ಯಾರೇಜಿನ ಹುಡುಗ ಹೇಳಿದ ಆ ಸಣ್ಣ ಸದ್ದು. ಮೇಷ್ಟ್ರಿಗೆ ಈಗ ಅದೇ ದೊಡ್ಡದಾಗಿ ಕೇಳತೊಡಗಿತು. ಕೊಬ್ಬರಿ ಚೀಲಗಳನ್ನು ಎಣಿಸುತ್ತಾ, "ಮೂರು ಕ್ವಿಂಟಾಲು ಮಾರಿ ಬೋರ್ ಮಾಡಿಸಿಬಿಡಲೇನಪ್ಪ?" ಎಂದು ಕೇಳಿದರು.

ಕಿವಿಯಣ್ಣ ಒಂದು ಉಂಡೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡುತ್ತಿದ್ದ.

"ಧಾರಣೆ ಏರ್ತಾ ಐತೆ ಮೇಷ್ಟ್ರೇ, ಒಂದು ತಿಂಗಳು ತಡೀರಿ. ಪಿಸ್ಟನ್ನು ಎಲ್ಲೂ ಹೋಗಲ್ಲ."